ಆಗುಂಬೆ ಘಾಟಿಗೆ 28 ಹಲ್ಲೇ, 34 ಹಲ್ಲೇ, 36 ಹಲ್ಲೇ?

ಶಿವಮೊಗ್ಗದವರು ಸೈಕಲ್ಲಿನಲ್ಲಿ ಆಗುಂಬೆ ಘಾಟಿಯನ್ನು ಹತ್ತಬೇಕೆಂದರೆ ಮೊದಲು ಅದನ್ನು ಇಳಿಯಬೇಕು. ನಾವಿರುವುದೇ ಘಟ್ಟದ ಮೇಲಾದ್ದರಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳನ್ನು ದಾಟಿ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಆಗುಂಬೆಗೆ ಮತ್ತೆ ಸುಮಾರು 30 ಕಿಲೋಮೀಟರ್ ಸಣ್ಣಪುಟ್ಟ ಏರಿಳಿತಗಳ ದಾರಿ ಸಿಗುತ್ತದೆಯೇ ಹೊರತು ನಿಜವಾದ ಏರು ಸಿಗುವುದಿಲ್ಲ. ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿದು, ಚಹಾ ಕುಡಿದು, ಮರಳಿ 14 ತಿರುವುಗಳನ್ನು ಹತ್ತತೊಡಗುವ ಹೊತ್ತಿಗೆ ಕಾಲಿನ ಅರ್ಧ ಶಕ್ತಿ ಖರ್ಚಾಗಿರುತ್ತದೆ. ಹಿಂದಿನ ಅತಿ ದೊಡ್ಡ ಗೇರಿಗೆ ಎಷ್ಟು ಹಲ್ಲಿರಬೇಕೆಂಬ ಆಯ್ಕೆಯನ್ನು ನಾನು ಯಾವಾಗಲೂ ಈ ಸೋತ ಕಾಲಿನ ಲೆಕ್ಕದಲ್ಲೇ ಮಾಡುತ್ತೇನೆ. ಬೆಳಗಿನ ಹುರುಪಿನಲ್ಲಿ ಮಾಡಿದ ಲೆಕ್ಕ ನನಗೆ ಎರಡು ಸಲ ಕೈಕೊಟ್ಟಿದೆ.

ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ರೋಡ್ ಬೈಕು. ಹಿಂದೆ ಒಂಬತ್ತು ಗೇರಿನ ಶಿಮಾನೊ ಸೋರಾ, ಮುಂದೆ ಪೆಡಲಿನ ಬಳಿ 50 ಮತ್ತು 34 ಹಲ್ಲಿನ ಎರಡು ಹಲ್ಲುಚಕ್ರ. ಅದು ಬಂದದ್ದು 11ರಿಂದ 28 ಹಲ್ಲಿನ ಕ್ಯಾಸೆಟ್ಟಿನೊಂದಿಗೆ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನೊಂದಿಗೆ; ಅದರಲ್ಲಿ ಹಲ್ಲು ಹೆಚ್ಚಿದಷ್ಟೂ ತುಳಿತ ಹಗುರ. ಆಮೇಲೆ 11–34 ಹಾಕಿಸಿದೆ, ಕೊನೆಗೆ 11–36ಕ್ಕೆ ಬಂದೆ. ನಡುವೆ ಗೆಳೆಯರೊಬ್ಬರ, ಮುಂದೆ ಮೂರು ಹಲ್ಲುಚಕ್ರದ ಕ್ರ್ಯಾಂಕ್ ಇರುವ ಬೈಕನ್ನು ಎರಡು ವಾರ ಓಡಿಸಿದೆ. ಈಗ ನನ್ನ ಬೈಕಿನಲ್ಲಿ ಇರುವುದು 36, ಇನ್ನು ಬದಲಿಸುವ ಯೋಚನೆಯೂ ಇಲ್ಲ. ಈ ಹೋಲಿಕೆಯನ್ನು ಆ ಒಲವಿನಿಂದಲೇ ಬರೆಯುತ್ತಿದ್ದೇನೆ ಎಂಬುದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

28ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ 34, ಹಿಂದೆ 28 ಇದ್ದಾಗ ಪೆಡಲು ಒಂದು ಸುತ್ತು ತಿರುಗಿದರೆ ಬೈಕು ಸುಮಾರು 2.6 ಮೀಟರ್ ಮುಂದೆ ಹೋಗುತ್ತದೆ. ಘಾಟಿಯಲ್ಲಿ ನನ್ನ ವೇಗ ಗಂಟೆಗೆ 7 ಕಿಲೋಮೀಟರಿಗೆ ಇಳಿದಾಗ ನಿಮಿಷಕ್ಕೆ 45 ಸುತ್ತು ಮಾತ್ರ ತುಳಿಯುತ್ತಿದ್ದೆ. ಗಡಿಯಾರ ನೋಡಿ ಎಣಿಸಿದ ಲೆಕ್ಕವಿದು. ಅಷ್ಟು ನಿಧಾನವಾಗಿ ತುಳಿಯುವಾಗ ಪ್ರತಿಯೊಂದು ತುಳಿತದ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಹೇರ್‌ಪಿನ್ ತಿರುವಿನ ಒಳಬದಿ ಹೊರಬದಿಗಿಂತ ಕಡಿದಾಗಿರುವುದರಿಂದ ಅಲ್ಲಿ ಎದ್ದು ನಿಂತು ತುಳಿಯುವುದೂ ತಪ್ಪುವುದಿಲ್ಲ. ಮೇಲೆ ತಲುಪಿದೆ ಎಂಬುದು ನಿಜ, ಆದರೆ ಮರುದಿನ ಮನೆಯ ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿಯಬೇಕಾಯಿತು. ಇಪ್ಪತ್ತೈದರ ಹರೆಯದ, ತೂಕ ಕಡಿಮೆ ಇರುವ ಹುಡುಗರು ಇದರಲ್ಲೇ ಸುಖವಾಗಿ ಹತ್ತುವುದನ್ನು ನೋಡಿದ್ದೇನೆ. ನನಗೆ ನಲವತ್ತಾರು, ಬೈಕು ಮತ್ತು ನೀರಿನ ಬಾಟಲಿ ಸೇರಿ ನಾನು ಮೇಲಕ್ಕೆ ಎಳೆಯಬೇಕಾದ ಭಾರ 85 ಕಿಲೋ.

34ರ ಕತೆ ಉದ್ದವಾದದ್ದು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ನನ್ನ ಬೈಕಿನಲ್ಲಿ ಶಾರ್ಟ್ ಕೇಜಿನದಾಗಿತ್ತು, ಅಂದರೆ ಚೈನಿನ ಸಡಿಲವನ್ನು ಎಳೆದು ಹಿಡಿಯುವ ಅದರ ತೋಳು ಗಿಡ್ಡ; ಅದಕ್ಕೆ 34ರಷ್ಟು ದೊಡ್ಡ ಹಲ್ಲುಚಕ್ರ ಹಿಡಿಸುವುದಿಲ್ಲ. ಡಿರೇಲರನ್ನು ಫ್ರೇಮಿಗೆ ಸಿಕ್ಕಿಸುವ ಹ್ಯಾಂಗರಿಗೆ ಒಂದು ಚಿಕ್ಕ ಲೋಹದ ತುಂಡನ್ನು ಜೋಡಿಸಿ ಡಿರೇಲರನ್ನು ಸ್ವಲ್ಪ ಕೆಳಗಿಳಿಸಿದರೆ 34ನ್ನೂ ಹಾಕಬಹುದೆಂದು ಅಂಗಡಿಯಲ್ಲಿ ಹೇಳಿದರು. ಡಿರೇಲರಿನ ದುಡ್ಡು ಉಳಿಯುವುದೆಂದು ನಾನೂ ಒಪ್ಪಿದೆ. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಹಳೆಯ ಚೈನು ಇನ್ನೂ ಸವೆದಿಲ್ಲವೆಂದು ಅದನ್ನೇ ಉಳಿಸಿಕೊಂಡೆವು, ತಪ್ಪಾದದ್ದು ಅಲ್ಲಿಯೇ.

ಘಾಟಿಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮುಂದೆ 34, ಹಿಂದೆ 34 ಎಂದರೆ ಪೆಡಲಿನ ಒಂದು ಸುತ್ತಿಗೆ ಚಕ್ರದ್ದೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ಅದೇ 7 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 55 ಸುತ್ತು ಸಿಕ್ಕಿತು, ಮಂಡಿ ತಕರಾರು ಎತ್ತಲಿಲ್ಲ. ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ನಿಂತು ಅವಲಕ್ಕಿ ತಿಂದು, ಗೆದ್ದೆನೆಂದುಕೊಂಡು ತೀರ್ಥಹಳ್ಳಿಯ ಕಡೆಗೆ ಹೊರಟೆ. ಮೇಗರವಳ್ಳಿಯ ಹತ್ತಿರ ಒಂದು ಚಿಕ್ಕ ಇಳಿಜಾರಿನಲ್ಲಿ ಮುಂದಿನ 50ರ ಚಕ್ರಕ್ಕೆ ಹಾಕಿದ್ದವನು, ಎದುರಿಗೆ ಬಂದ ಏರಿಗೆ ಅದನ್ನು ಇಳಿಸದೆಯೇ ಹಿಂದಿನ ಗೇರುಗಳನ್ನು ಒಂದೊಂದಾಗಿ ದೊಡ್ಡದಕ್ಕೆ ಏರಿಸುತ್ತಾ ಹೋದೆ. ಕೊನೆಯ ಒತ್ತಿಗೆ ಲಟ್ಟೆಂದು ಸದ್ದಾಯಿತು. ಇಳಿದು ನೋಡಿದರೆ ಹ್ಯಾಂಗರ್ ಮುರಿದು, ಡಿರೇಲರ್ ಚೈನಿಗೆ ಸಿಕ್ಕಿಕೊಂಡು ಜೋತಾಡುತ್ತಿತ್ತು.

ಏಕೆ ಹೀಗಾಯಿತೆಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಹಿಂದಿನ ದೊಡ್ಡ ಚಕ್ರ 28ರಿಂದ 34ಕ್ಕೆ ಹೋದಾಗ ಅದನ್ನು ಸುತ್ತಿಕೊಳ್ಳಲು ಚೈನಿಗೆ ಸುಮಾರು ನಾಲ್ಕು ಕೊಂಡಿ ಹೆಚ್ಚು ಬೇಕಾಗುತ್ತದೆ. ಅದಿಲ್ಲದೆ ಮುಂದೆ ಹಿಂದೆ ಎರಡೂ ಕಡೆ ದೊಡ್ಡ ಚಕ್ರ ಹಿಡಿದರೆ, ಚೈನು ಬಿಗಿದು ಡಿರೇಲರನ್ನೇ ಎಳೆದು ಕಿತ್ತುಬಿಡುತ್ತದೆ. ಸರಿ, ಚೈನು ಉದ್ದ ಮಾಡೋಣವೆಂದರೆ ಅಲ್ಲಿ ಇನ್ನೊಂದು ಪೇಚು ಎದುರಾಗುತ್ತದೆ. ಮುಂದಿನ ಎರಡು ಚಕ್ರಗಳ ಅಂತರ 16, ಹಿಂದಿನ 34 ಮತ್ತು 11ರ ಅಂತರ 23, ಒಟ್ಟು 39 ಹಲ್ಲಿನಷ್ಟು ಸಡಿಲವನ್ನು ಡಿರೇಲರ್ ಒಳಗೆಳೆದುಕೊಳ್ಳಬೇಕು. ಶಾರ್ಟ್ ಕೇಜಿಗೆ ಅಷ್ಟು ಶಕ್ತಿಯಿಲ್ಲ. ನನ್ನ ಹಳೆಯ 11–28ಕ್ಕೆ ಬೇಕಾಗುತ್ತಿದ್ದದ್ದು 33 ಮಾತ್ರ. ಅಂದರೆ ಚೈನು ಗಿಡ್ಡವಾದರೆ ಹ್ಯಾಂಗರ್ ಮುರಿಯುತ್ತದೆ, ಉದ್ದವಾದರೆ ಎರಡೂ ಚಿಕ್ಕ ಚಕ್ರಗಳಲ್ಲಿ ಚೈನು ಜೋಲುಬಿದ್ದು ಬಡಿದುಕೊಳ್ಳುತ್ತದೆ. ಆ ಲೋಹದ ತುಂಡು ಡಿರೇಲರನ್ನು ಕೆಳಗಿಳಿಸುತ್ತದೆಯೇ ಹೊರತು ಅದರ ಕೇಜನ್ನು ಉದ್ದ ಮಾಡುವುದಿಲ್ಲ. ಇದನ್ನು ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಡಿಕೆ ಮೂಟೆ ಹೇರಿಕೊಂಡು ಹೋಗುತ್ತಿದ್ದ ಗೂಡ್ಸ್ ಆಟೋದವರೊಬ್ಬರು ಬೈಕನ್ನೂ ನನ್ನನ್ನೂ ತೀರ್ಥಹಳ್ಳಿಯ ಅಕ್ಕನ ಮನೆಗೆ ತಂದು ಇಳಿಸಿದರು. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದಾದ್ದರಿಂದ ಅದು ಬೆಂಗಳೂರಿನಿಂದ ಬರಲು ಹನ್ನೆರಡು ದಿನ ಹಿಡಿಯಿತು. ಅಂದಿನಿಂದ ಒಂದು ಹೆಚ್ಚುವರಿ ಹ್ಯಾಂಗರನ್ನೂ ಚೈನಿನ ಕೊಂಡಿ ಬಿಡಿಸುವ ಉಪಕರಣವನ್ನೂ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ.

ಮೂರು ಚಕ್ರದ ಕ್ರ್ಯಾಂಕಿನಲ್ಲಿ 50, 39, 30 ಹಲ್ಲುಗಳಿದ್ದವು. ಮುಂದಿನ 30ಕ್ಕೆ ಹಿಂದೆ 28 ಹಾಕಿದರೆ ಒಂದು ಸುತ್ತಿಗೆ 2.3 ಮೀಟರ್, ಅಂದರೆ 34–34ಕ್ಕಿಂತ ಸ್ವಲ್ಪ ಭಾರ. ಗೇರುಗಳ ನಡುವಿನ ಜಿಗಿತ ಚಿಕ್ಕದಾಗಿರುವುದು ಹಿತವೆನಿಸಿತು. ಆದರೆ ಕ್ರ್ಯಾಂಕು, ಮುಂದಿನ ಡಿರೇಲರ್, ಎಡಗೈಯ ಗೇರು ಲಿವರ್ ಎಲ್ಲವನ್ನೂ ಬದಲಿಸಬೇಕು. ನನ್ನ ಜೇಬಿಗೆ ಆ ಮಾತೇ ಬೇಡ.

ಕೊನೆಗೆ ಉಳಿದದ್ದು 36. ಒಂಬತ್ತು ಗೇರಿನ ಸೋರಾ ಲಿವರಿಗೆ ಶಿಮಾನೊದ ಒಂಬತ್ತು ಗೇರಿನ ಮೌಂಟನ್ ಬೈಕ್ ಡಿರೇಲರ್ ಹೊಂದುತ್ತದೆ, ಏಕೆಂದರೆ ಕೇಬಲ್ ಎಳೆಯುವ ಪ್ರಮಾಣ ಎರಡರಲ್ಲೂ ಒಂದೇ. ಲಾಂಗ್ ಕೇಜಿನ ಆಲಿವಿಯೊ ಡಿರೇಲರ್, 11–36 ಕ್ಯಾಸೆಟ್, ಹೊಸ ಚೈನು ಮೂರಕ್ಕೂ ಸೇರಿ ನನಗೆ ಆರು ಸಾವಿರ ರೂಪಾಯಿಯ ಆಸುಪಾಸು ಬಿತ್ತು. ಈ ಸಲ ಚೈನನ್ನು ಡಿರೇಲರಿನೊಳಗೆ ಹಾಯಿಸದೆ ಮುಂದಿನ 50 ಮತ್ತು ಹಿಂದಿನ 36ರ ಮೇಲೆ ನೇರವಾಗಿ ಸುತ್ತಿ, ಎರಡು ಕೊಂಡಿ ಹೆಚ್ಚಿಗೆ ಬಿಟ್ಟು, ನನ್ನ ಕಣ್ಣೆದುರಿಗೇ ಕತ್ತರಿಸಿದರು. ಒಂದು ಸುತ್ತಿಗೆ 2 ಮೀಟರ್, 7 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 58 ಸುತ್ತು. ಕಾಲಿಗೆ ತಿಳಿಯುವಂತೆ 34ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅತ್ಯಲ್ಪ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಮೆಚ್ಚಿದ್ದು ಆ ಎರಡು ಹಲ್ಲನ್ನಲ್ಲ, ದಣಿವಿನಲ್ಲಿ ತಪ್ಪು ಗೇರು ಹಾಕಿದರೂ ಮುರಿಯದ ಉದ್ದ ಕೇಜನ್ನು. ಸಮತಟ್ಟಾದ ದಾರಿಯಲ್ಲಿ ಎದುರುಗಾಳಿ ಬಂದಾಗ ಎರಡು ಗೇರುಗಳ ನಡುವಿನ ಅಂತರ ಹೆಚ್ಚೆನಿಸುವುದುಂಟು, ಗುಂಪಿನಲ್ಲಿ ವೇಗವಾಗಿ ಹೋಗುವವರಿಗೆ ಅದು ಕಿರಿಕಿರಿಯಾದೀತು. ನಾನು ಒಬ್ಬನೇ ಹೋಗುವವನು.

ಗೇರು ಹಗುರವಾದರೂ ಅಭ್ಯಾಸ ತಪ್ಪುವುದಿಲ್ಲ. ಘಾಟಿಗೆ ಆರು ವಾರ ಮೊದಲಿನಿಂದ ವಾರಕ್ಕೆರಡು ದಿನ ಮಂಡಗದ್ದೆಯ ದಾರಿಯಲ್ಲಿ ಹತ್ತು ಹತ್ತು ನಿಮಿಷ ಭಾರದ ಗೇರಿನಲ್ಲಿ, ಕೂತೇ, ನಿಮಿಷಕ್ಕೆ 55 ಸುತ್ತಿನಂತೆ ತುಳಿಯುತ್ತೇನೆ. ನಿಜವಾದ ಪರೀಕ್ಷೆಗೆ ಗುಡ್ಡೇಕೇರಿಯ ಬಳಿಯ ಕುಂದಾದ್ರಿ ಬೆಟ್ಟವಿದೆ: ಬಸದಿಯವರೆಗಿನ ಆ ರಸ್ತೆ ಚಿಕ್ಕದು, ಆದರೆ ಆಗುಂಬೆಗಿಂತ ಹೆಚ್ಚು ಕಡಿದು, ಅಲ್ಲಿ 36 ಕೂಡ ಸಾಲದೆಂದು ಅನಿಸಿದ ತಿರುವುಗಳಿವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಯಲ್ಲಿ ಎರಡಕ್ಕೂ ಹೋಗುವುದಿಲ್ಲ.

ಶಿಮಾನೊದ ಹತ್ತು ಗೇರಿನ ಟಿಯಾಗ್ರಾ 4700 ಸರಣಿ ಇರುವವರು ನನ್ನ ದಾರಿ ಹಿಡಿಯಬಾರದು. ಅದರ ಕೇಬಲ್ ಎಳೆತ ಬೇರೆಯಾದ್ದರಿಂದ ಮೌಂಟನ್ ಬೈಕಿನ ಹತ್ತು ಗೇರಿನ ಡಿರೇಲರ್ ಹೊಂದುವುದಿಲ್ಲ. ಅವರು ಅದೇ ಸರಣಿಯ ಜಿಎಸ್ ಎಂಬ ತುಸು ಉದ್ದನೆಯ ಕೇಜಿನ ಡಿರೇಲರನ್ನು ಕೊಂಡು 11–34ರಲ್ಲೇ ನಿಲ್ಲಬೇಕು, ಚೈನನ್ನು ಮಾತ್ರ ಹೊಸದಾಗಿ ಅಳತೆ ಮಾಡಿಸಬೇಕು.