ಶಿರಾಡಿ ಏರಿಗೆ ನಾಲ್ಕನೇ ಗೇರಿನ ಓಟವೋ, ಮೊದಲೇ ಹಾಕಿದ ಮೂರನೇ ಗೇರೋ?

ಲೋಡ್ ತುಂಬಿದ ಲಾರಿಯನ್ನು ಘಾಟಿ ಹತ್ತಿಸಲು ಚಾಲಕರಲ್ಲಿ ಎರಡು ಪದ್ಧತಿಗಳಿವೆ. ಸಮತಟ್ಟಿನಲ್ಲಿ ಸಿಕ್ಕ ಓಟವನ್ನು ಬಿಡದೆ ಮೇಲಿನ ಗೇರಿನಲ್ಲೇ ನುಗ್ಗಿ, ಎಂಜಿನ್ ಸೋತಾಗ ಗೇರ್ ಇಳಿಸುವುದು ಒಂದು. ಏರು ಶುರುವಾಗುವ ಮುನ್ನವೇ ಕೆಳಗಿನ ಗೇರ್ ಹಾಕಿ ಅದರಲ್ಲೇ ಒಂದೇ ಸಮನೆ ಹತ್ತುವುದು ಇನ್ನೊಂದು. ಆರು ಗೇರಿನ ನನ್ನ ಹತ್ತು ಚಕ್ರದ ಲಾರಿಯಲ್ಲಿ ಎರಡನ್ನೂ ಮಾಡಿ ನೋಡಿದ್ದೇನೆ. ಒಮ್ಮೆ ಕ್ಲಚ್ ಪ್ಲೇಟ್ ಸುಟ್ಟುಕೊಂಡ ಮೇಲೆ ಎರಡನೆಯದನ್ನು ಬಿಟ್ಟಿಲ್ಲ.

ಅಂದು ಮಂಗಳೂರಿನ ಬಂದರಿರುವ ಪಣಂಬೂರಿನಿಂದ 50 ಕಿಲೋದ 360 ಮೂಟೆ ಪೊಟ್ಯಾಷ್ ಗೊಬ್ಬರ ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೊರಟಿದ್ದೆ. ಗುಂಡ್ಯ, ಅಡ್ಡಹೊಳೆ ದಾಟುವವರೆಗೆ ನಾಲ್ಕನೇ ಗೇರ್ ಚೆನ್ನಾಗಿಯೇ ಎಳೆಯಿತು. ಕೆಂಪುಹೊಳೆ ಕಳೆದು ಒಂದು ತಿರುವಿನಲ್ಲಿ ಮುಂದಿದ್ದ ಟ್ಯಾಂಕರ್ ನಿಧಾನವಾಯಿತು. ನಾನೂ ಆಕ್ಸಿಲರೇಟರ್ ಬಿಟ್ಟೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಆರ್‌ಪಿಎಂ ಮುಳ್ಳು ಸಾವಿರಕ್ಕಿಂತ ಕೆಳಗಿಳಿಯಿತು. ಮೂರನೇ ಗೇರ್ ಹಾಕಿದೆ, ಗಾಡಿ ನಡುಗಿತೇ ಹೊರತು ಎಳೆಯಲಿಲ್ಲ. ಎರಡಕ್ಕೆ ತರಲು ಹೋದರೆ ಗೇರ್ ಬೀಳದೆ ಕಿರುಗುಟ್ಟಿತು, ಅಷ್ಟರಲ್ಲಿ ಲಾರಿ ನಿಂತೇಹೋಯಿತು. ಕ್ಲೀನರ್ ಹುಡುಗ ಜಿಗಿದು, ಗಾಡಿ ಹಿಂದೆ ಜಾರದಂತೆ ಚಕ್ರಕ್ಕೆ ಕಲ್ಲಿಟ್ಟು, "ಅಣ್ಣಾ, ಕಲ್ಲು ಕೊಟ್ಟಿದ್ದೀನಿ" ಎಂದು ಕೂಗಿದ. ಮೂರು ಸಲ ಪೆಡಲ್ ಅರ್ಧ ಬಿಟ್ಟು ಹಾಫ್ ಕ್ಲಚ್‌ನಲ್ಲಿ ಎತ್ತಲು ನೋಡುವಷ್ಟರಲ್ಲಿ ಕ್ಯಾಬಿನ್ ತುಂಬ ಸುಟ್ಟ ವಾಸನೆ ತುಂಬಿತು. ಹೇಗೋ ಘಾಟಿಯ ಮೇಲಿನ ಮಾರನಹಳ್ಳಿ ಮುಟ್ಟಿದೆ. ಕ್ಲಚ್ ಅಲ್ಲೇ ಜಾರತೊಡಗಿತು.

ಆ ದಿನ ಕೈಕೊಟ್ಟದ್ದು ಗೇರ್ ಬದಲಿಸುವಾಗ ಕಳೆದ ಒಂದೆರಡು ಸೆಕೆಂಡು. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಕ್ಲಚ್ ತುಳಿದ ಗಳಿಗೆಯಿಂದ ಲಾರಿಯ ವೇಗ ಪ್ರತಿ ಸೆಕೆಂಡಿಗೂ, ಗಂಟೆಗೆ ಎರಡು ಕಿಲೋಮೀಟರಿಗೂ ಹೆಚ್ಚಿನಷ್ಟು ಇಳಿಯುತ್ತದೆ. ಇಪ್ಪತ್ತರ ವೇಗದಲ್ಲಿ ಎರಡು ಸೆಕೆಂಡು ನ್ಯೂಟ್ರಲ್‌ನಲ್ಲಿದ್ದರೆ ಹದಿನೈದಕ್ಕೆ ಬಂದಿರುತ್ತೇವೆ. ಇಪ್ಪತ್ತಕ್ಕೆಂದು ಆರಿಸಿದ ಗೇರ್ ಆ ವೇಗಕ್ಕೆ ಹೊಂದುವುದಿಲ್ಲ, ಮತ್ತೊಂದು ಗೇರ್ ಇಳಿಸಬೇಕು, ಅದಕ್ಕೆ ಮತ್ತೆ ಎರಡು ಸೆಕೆಂಡು ಬೇಕು. ಓಟದ ಪದ್ಧತಿಯಲ್ಲಿ ಈ ಬದಲಾವಣೆ ಸಾಮಾನ್ಯವಾಗಿ ತಿರುವಿನ ನಡುವೆಯೇ ಬರುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಬೇಕಾದ ಜಾಗವದು.

ಮೊದಲೇ ಇಳಿಸುವ ಪದ್ಧತಿಯಲ್ಲಿ ಅಡ್ಡಹೊಳೆಗೆ ಮುಂಚೆ, ವೇಗ ಇಪ್ಪತ್ತೈದರ ಆಸುಪಾಸಿನಲ್ಲಿರುವಾಗ, ಆಕ್ಸಿಲರೇಟರನ್ನು ಒಮ್ಮೆ ಮೆಲ್ಲಗೆ ಒತ್ತಿ ಎಂಜಿನ್ ವೇಗವನ್ನು ಎತ್ತಿ ಮೂರನೇ ಗೇರ್ ಹಾಕುತ್ತೇನೆ. ಏರಿನಲ್ಲಿ ಮುಳ್ಳು 1,500ರ ಸುತ್ತ, ಎಂಜಿನ್ನಿಗೆ ಹಿತವಾದ ಹಸಿರು ಪಟ್ಟಿಯಲ್ಲಿ ನಿಲ್ಲುತ್ತದೆ. ಮುಂದಿನ ವಾಹನ ತಡೆದರೂ ಕೈಯಲ್ಲಿ ಸ್ವಲ್ಪ ಆರ್‌ಪಿಎಂ ಉಳಿದಿರುತ್ತದೆ, ಎರಡಕ್ಕೆ ಇಳಿಸಲು ಅವಕಾಶವಿರುತ್ತದೆ.

ಎಂಜಿನ್ ಬಿಸಿಯ ವಿಷಯದಲ್ಲೂ ಇದೇ ಮೇಲು. ಮೇಲಿನ ಗೇರಿನಲ್ಲಿ ಎಂಜಿನನ್ನು ಒದ್ದಾಡಿಸಿದರೆ ಹೊರೆ ಪೂರ್ತಿ ಇರುತ್ತದೆ, ಆದರೆ ನೀರಿನ ಪಂಪು ನಿಧಾನವಾಗಿ ತಿರುಗುತ್ತದೆ. ಹಾಗಾಗಿ ಟೆಂಪರೇಚರ್ ಮುಳ್ಳು ಮೇಲೇರುವುದನ್ನು ನಾನು ಓಟದ ಪದ್ಧತಿಯಲ್ಲೇ ಹೆಚ್ಚು ಕಂಡಿದ್ದೇನೆ.

ಡೀಸೆಲ್‌ನಲ್ಲಿ ನನಗೆ ಗಮನಿಸುವಂಥ ವ್ಯತ್ಯಾಸ ಸಿಕ್ಕಿಲ್ಲ. ಸಮಯದಲ್ಲಿ ಓಟದ ಪದ್ಧತಿ ಗೆಲ್ಲುತ್ತದೆ, ರಸ್ತೆ ಖಾಲಿ ಇದ್ದರೆ ಐದಾರು ನಿಮಿಷ ಉಳಿಯುತ್ತದೆ. ಶಬ್ದ ಮೂರನೇ ಗೇರಿನಲ್ಲಿ ಹೆಚ್ಚು.

ಲಾರಿ ನನ್ನದೇ, ಕಂತು ಇನ್ನೂ ಮುಗಿದಿಲ್ಲ, ಕ್ಲಚ್ ಸೆಟ್ಟಿಗೆ ಅಂದು ಎರಡು ಟ್ರಿಪ್ಪಿನ ಉಳಿತಾಯ ಹೋಯಿತು. ಐದಾರು ನಿಮಿಷಕ್ಕಾಗಿ ಅದನ್ನು ಮತ್ತೆ ಪಣಕ್ಕಿಡಲಾರೆ. ಖಾಲಿ ಗಾಡಿಯಾದರೆ ನಾನೂ ನಾಲ್ಕರಲ್ಲೇ ಹತ್ತುತ್ತೇನೆ. ಲೋಡ್ ಇದ್ದ ದಿನ ಮಾತ್ರ ಅಡ್ಡಹೊಳೆಗೆ ಮುಂಚೆ ಹಾಕಿದ ಮೂರನೇ ಗೇರನ್ನು, ರಸ್ತೆ ಒಂದೆರಡು ಕಡೆ ಸಮತಟ್ಟಾಗಿ ಕಂಡರೂ, ಮಾರನಹಳ್ಳಿಯವರೆಗೆ ಮೇಲಕ್ಕೆ ಬದಲಿಸುವುದಿಲ್ಲ.