ಕೋಲನ್‌ನಿಂದ ಡ್ಯೂಯಿಗೆ ಬದಲಾಗುವವರಿಗೆ ಕೋಹಾ ಎಷ್ಟು ಉಪಯೋಗ?

ಕೋಲನ್, ಡ್ಯೂಯಿ ಅಂದರೆ ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಹಾಕಿ ಜೋಡಿಸುವ ಎರಡು ಪದ್ಧತಿಗಳು, ಕೋಹಾ ಅಂದರೆ ಲೈಬ್ರರಿ ನಡೆಸುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ. ಕೋಲನ್ ನಂಬರ್ ಹಾಕಿ ಒತ್ತಿದರೆ ಡ್ಯೂಯಿ ನಂಬರ್ ಬರುವ ಬಟನ್ ಕೋಹಾದಲ್ಲಿ ಇಲ್ಲ. ಆದರೂ ನಮ್ಮಂಥ ಸಣ್ಣ ಲೈಬ್ರರಿಗೆ ನಾನು ಇದನ್ನೇ ಹೇಳುವುದು, ದುಡ್ಡು ಕೊಡಬೇಕಿಲ್ಲವಲ್ಲ!

ಬೇರೆ ಲೈಬ್ರರಿಗಳ ಕ್ಯಾಟಲಾಗ್‌ನಲ್ಲಿ ಹುಡುಕುವ ಇದರ ಝಡ್39.50 ಸೌಲಭ್ಯ ನನಗೆ ತುಂಬಾ ಹಿಡಿಸಿತು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಟ್ಟರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆ ನೇರ ನಮ್ಮ ಕ್ಯಾಟಲಾಗ್‌ಗೆ ಬರುತ್ತದೆ, ಅದರ 082ನೇ ಫೀಲ್ಡ್‌ನಲ್ಲಿ (ದಾಖಲೆಯ ಒಂದೊಂದು ವಿವರಕ್ಕೂ ಹೀಗೆ ಒಂದು ನಂಬರಿನ ಜಾಗ ಇರುತ್ತದೆ) ಡ್ಯೂಯಿ ನಂಬರ್ ಇದ್ದರೆ, ಕಪಾಟಿನಲ್ಲಿ ಪುಸ್ತಕ ಎಲ್ಲಿದೆ ಅಂತ ಹೇಳುವ ಕಾಲ್ ನಂಬರ್ ಜಾಗಕ್ಕೆ ತಾನಾಗಿಯೇ ತುಂಬಿಕೊಳ್ಳುವ ಹಾಗೆ ಸೆಟ್ಟಿಂಗ್ ಕೂಡ ಇದೆ. ಇಂಗ್ಲಿಷ್ ಪಠ್ಯಪುಸ್ತಕಗಳ ಕಪಾಟು ಹೀಗೆ ಸಲೀಸಾಗಿ ಮುಗಿಯುತ್ತದೆ. ಇದೇ ಕೆಲಸಕ್ಕೆ ಮೊದಲು ಒಸಿಎಲ್‌ಸಿ ಎಂಬ ಲೈಬ್ರರಿ ಸಂಸ್ಥೆಯ ಕ್ಲಾಸಿಫೈ ಅನ್ನುವ ಉಚಿತ ಸೇವೆ ಇತ್ತು. 2024ರ ಜನವರಿಯಲ್ಲಿ ಅದು ನಿಂತುಹೋಯಿತು.

ಕಷ್ಟ ಇರುವುದು ಕನ್ನಡ ಪುಸ್ತಕಗಳದ್ದು. ಹಳೆಯವಕ್ಕೆ ಐಎಸ್‌ಬಿಎನ್ ಇರುವುದಿಲ್ಲ, ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟು ಹುಡುಕಬೇಕು. ಸಿಕ್ಕಿದರೂ ಎಷ್ಟೋ ಸಲ 082 ಖಾಲಿ, 050ರಲ್ಲಿ ಪಿಎಲ್4659 ಅಂತ ಲೈಬ್ರರಿ ಆಫ್ ಕಾಂಗ್ರೆಸ್‌ನ ಸ್ವಂತ ಪದ್ಧತಿಯ ನಂಬರ್ ಮಾತ್ರ. ಅದನ್ನೇ ಡ್ಯೂಯಿಗೆ ತಿರುಗಿಸೋಣ ಅಂದರೆ ಆಗುವುದಿಲ್ಲ. ಯಾಕೆಂದರೆ ಅಲ್ಲಿ ಲೇಖಕರ ಹೆಸರೇ ಮುಖ್ಯ, ಕುವೆಂಪು ಅವರ ಕವಿತೆ, ನಾಟಕ, ಕಾದಂಬರಿ ಎಲ್ಲಾ ಒಂದೇ ಕಡೆ. ಡ್ಯೂಯಿಯಲ್ಲಿ ಕಾವ್ಯ 894.8141, ನಾಟಕ 894.8142, ಕಾದಂಬರಿ 894.8143, ಮೂರೂ ಬೇರೆ ಬೇರೆ. ಹಾಗಾಗಿ ಪುಸ್ತಕ ತೆಗೆದು ನೋಡಲೇಬೇಕು, ಸಾಫ್ಟ್‌ವೇರ್ ಯಾವುದಾದರೂ ಅಷ್ಟೇ.

ಕೋಲನ್‌ನಲ್ಲಿ ಇನ್ನೊಂದು ಮಜಾ ಇದೆ. ಅದನ್ನು ರೂಪಿಸಿದ ರಂಗನಾಥನ್ ಸಾಹಿತಿಗಳನ್ನು ಹುಟ್ಟಿದ ವರ್ಷದಿಂದ ಗುರುತಿಸಿದರು, ಶತಮಾನಕ್ಕೆ ಒಂದು ಅಕ್ಷರ, ವರ್ಷಕ್ಕೆ ಕೊನೆಯ ಎರಡು ಅಂಕಿ. ಶೇಕ್ಸ್‌ಪಿಯರ್ 1564ರವನು, ಅದಕ್ಕೆ ಜೆ64. 1904ರಲ್ಲಿ ಹುಟ್ಟಿದ ಕುವೆಂಪು ಎನ್04 ಆಗುತ್ತಾರೆ. ಡ್ಯೂಯಿಗೆ ಹೋದ ಮೇಲೆ ಇದೆಲ್ಲ ಬಿದ್ದುಹೋಗುತ್ತದೆ. ನನಗಂತೂ ಹೊಟ್ಟೆ ಉರಿಯುತ್ತದೆ, ಅಷ್ಟು ತಲೆ ಓಡಿಸಿದ ಪದ್ಧತಿ ಅದು. ಹಳೆ ನಂಬರನ್ನು ಅಳಿಸಬೇಡಿ, 084ನೇ ಫೀಲ್ಡ್‌ನಲ್ಲಿ ಹಾಕಿಡಿ. ಕೋಲನ್ ನಂಬರ್ ಬಾಯಿಪಾಠ ಆಗಿರುವ ಹಳೆ ಓದುಗರು ಬಂದು ಕೇಳಿದಾಗ ಬೇಕಾಗುತ್ತದೆ.

ಬಾರ್‌ಕೋಡ್ ಪಟ್ಟಿ ಕೊಟ್ಟು ಒಂದು ಗುಂಪಿನ ಪುಸ್ತಕಗಳನ್ನು ಒಟ್ಟಿಗೆ ತಿದ್ದುವ ಸೌಲಭ್ಯವೂ ಚೆನ್ನಾಗಿದೆ. ಬೆನ್ನಿಗೆ ಅಂಟಿಸುವ ಲೇಬಲ್ ಅಲ್ಲೇ ಪ್ರಿಂಟ್ ಆಗುತ್ತದೆ, ಆದರೆ ಹಾಳೆಯ ಅಳತೆ ಹೊಂದಿಸುವಷ್ಟರಲ್ಲಿ ಸಾಕಾಗುತ್ತದೆ, ಮೊದಲು ಸಾದಾ ಕಾಗದದಲ್ಲಿ ತೆಗೆದು ನೋಡಿ. ಕೋಹಾ ಓಡುವುದು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ, ಅದು ಗೊತ್ತಿರುವವರು ಒಬ್ಬರಾದರೂ ಇಲ್ಲದಿದ್ದರೆ ಮಾತ್ರ ಸುಮ್ನೆ ಕೈ ಹಾಕಬೇಡಿ.