ಒಂದು ಕೈಗೆ ಬಲವಿಲ್ಲದವರಿಗೆ ಯಾವ ವಾಕರ್?

ಸ್ಟ್ರೋಕ್ ಆದ ಮೇಲೆ ಅಪ್ಪನ ಎಡಗೈ ಏಳುತ್ತಿಲ್ಲ, ನಡೆಯಲು ಏನು ತರಲಿ ಎಂದು ಕೇಳಿದ್ದೀರಿ. ಎರಡೂ ಕೈ ಬೇಡುವ ಮಾಮೂಲಿ ವಾಕರ್ ಸುಮ್ನೆ ದಂಡ. ಉಳಿಯುವುದು ನಾಲ್ಕು ಕಾಲಿನ ಕೋಲು, ಒಂದೇ ಕೈಯ ಹೆಮಿ ವಾಕರ್ ಮತ್ತು ಮುಂಗೈ ಊರುವ ಪ್ಲಾಟ್‌ಫಾರ್ಮ್ ವಾಕರ್.

ನಿಂತರೇ ಓಲಾಡುವವರಿಗೆ ಹೆಮಿ ವಾಕರ್ ವಾಸಿ. ತಳ ಅಗಲ, ಮಡಚಿಡಬಹುದು. ನಡಿಗೆ ಮಾತ್ರ ನಿಧಾನ, ಮೆಟ್ಟಿಲಿಗೆ ಒಗ್ಗದು. ನಿಲ್ಲುವುದರಲ್ಲಿ ಸ್ವಲ್ಪ ಹಿಡಿತ ಬಂದವರಿಗೆ ಕೋಲು ಸಾಕು. ಅಗ್ಗ, ಹಗುರ, ಇಕ್ಕಟ್ಟಾದ ಬಚ್ಚಲಿಗೂ ಹೋಗುತ್ತದೆ. ಆದರೆ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ತಾಗಬೇಕು. ಅವಸರದವರು ಎರಡೇ ಕಾಲು ಊರಿ ವಾಲುತ್ತಾರೆ, ಅಲ್ವಾ? ಇವೆರಡನ್ನೂ ಬಲವಿರುವ ಕೈಯಲ್ಲೇ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ.

ಪ್ಲಾಟ್‌ಫಾರ್ಮ್ ಕಥೆಯೇ ಬೇರೆ. ಇದರಲ್ಲಿ ಭಾರ ಅಂಗೈಗಲ್ಲ, ಮುಂಗೈಗೆ ಬೀಳುತ್ತದೆ. ಮೊಣಕೈಯನ್ನು ಸುಮಾರು 90 ಡಿಗ್ರಿ ಮಡಚಿ, ಮುಂಗೈ ಮೇಲೆ ಪಟ್ಟಿ ಬಿಗಿಯುತ್ತಾರೆ. ಬೆರಳುಗಳಲ್ಲಿ ಸಂಧಿವಾತ ಇದ್ದವರಿಗೆ, ಮಣಿಕಟ್ಟು ಮುರಿದವರಿಗೆ ಇದು ಹೇಳಿ ಮಾಡಿಸಿದ್ದು. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಅಪ್ಪನ ಭುಜವೇ ಜೋತುಬಿದ್ದಿದ್ದರೆ ಇದರ ಆಸೆ ಬಿಡಿ, ನೋವು ಹೆಚ್ಚಾದೀತು.

ಕೊಳ್ಳುವ ಮೊದಲು ಫಿಸಿಯೋಥೆರಪಿಸ್ಟ್ ಎದುರು ನಡೆಸಿ ನೋಡಿ. ಕಾಲಿನ ರಬ್ಬರ್ ಸವೆದರೆ ತಡಮಾಡದೆ ಬದಲಿಸಿ.